ಸಸ್ಯಾಂತರ್ವಾಸಿ ಬ್ಯಾಕ್ಟೀರಿಯಾದಿಂದ ಬೆಳ್ಳಿಯ ನ್ಯಾನೊಕಣಗಳು

ಗಿಡಕ್ಕೆ ರೋಗ ತರದೆ ಅದರ ಎಲೆ, ಕಾಂಡ, ಬೇರುಗಳ ಒಳಗೆ ಬದುಕುವ ಬ್ಯಾಕ್ಟೀರಿಯಾಗಳ ನೆರವಿನಿಂದ ತಯಾರಿಸುವ, ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರದ ಬೆಳ್ಳಿಯ ಕಣಗಳು. ಆಂಟಿಬಯಾಟಿಕ್‌ಗಳಿಗೆ ಬಗ್ಗದ ಸೋಂಕುಗಳ ವಿರುದ್ಧ ಇವು ಉಪಯುಕ್ತವಾಗಬಹುದೆಂಬ ನಿರೀಕ್ಷೆಯಿಂದ ಸಂಶೋಧನೆ ನಡೆಯುತ್ತಿದೆ.

ಹಿನ್ನೆಲೆ: 1880ರ ದಶಕದ ಆರಂಭದಲ್ಲಿ ಲೈಪ್ಜಿಗ್‌ನ ವೈದ್ಯ ಕಾರ್ಲ್ ಕ್ರೆಡೆ ನವಜಾತ ಶಿಶುಗಳ ಕಣ್ಣಿಗೆ ಬೆಳ್ಳಿ ನೈಟ್ರೇಟ್ ಹನಿ ಹಾಕಿ, ಗೊನೊರಿಯ ಸೋಂಕಿನಿಂದ ಬರುವ ಕುರುಡನ್ನು ತಡೆಯುವ ಕ್ರಮವನ್ನು ರೂಢಿಗೆ ತಂದ. ಆಂಟಿಬಯಾಟಿಕ್‌ಗಳು ಬಂದಮೇಲೆ ಬೆಳ್ಳಿ ಹಿಂದೆ ಸರಿಯಿತು. ಆದರೂ ಸುಟ್ಟಗಾಯಗಳ ಚಿಕಿತ್ಸೆಯಲ್ಲಿ ಅದು ಉಳಿದುಕೊಂಡಿತು; 1968ರಲ್ಲಿ ಅಮೆರಿಕದ ಚಾರ್ಲ್ಸ್ ಫಾಕ್ಸ್ ಪರಿಚಯಿಸಿದ ಸಿಲ್ವರ್ ಸಲ್ಫಾಡಯಜೀನ್ ಮುಲಾಮು ಇದಕ್ಕೆ ಮುಖ್ಯ ಕಾರಣ.

ಜೈವಿಕ ತಯಾರಿಕೆ: 1999ರಲ್ಲಿ ಟಾನ್ಯಾ ಕ್ಲಾಸ್ ಮತ್ತು ಸಂಗಡಿಗರು ಸ್ವೀಡನ್‌ನಲ್ಲಿ ನಡೆಸಿದ ಅಧ್ಯಯನ ಈ ಕ್ಷೇತ್ರದ ಮೈಲಿಗಲ್ಲು. ಬೆಳ್ಳಿಯ ಗಣಿಯಲ್ಲಿ ದೊರೆತಿದ್ದ ಸ್ಯೂಡೊಮೊನಾಸ್ ಸ್ಟಟ್ಜೆರಿ ಎಜಿ259 ಎಂಬ ಬ್ಯಾಕ್ಟೀರಿಯ ತನಗೆ ವಿಷವಾದ ಬೆಳ್ಳಿ ಅಯಾನುಗಳನ್ನು 200 ನ್ಯಾನೊಮೀಟರ್‌ವರೆಗಿನ ಹರಳುಗಳನ್ನಾಗಿ ಮಾಡಿ ಕೋಶದೊಳಗೇ ಕೂಡಿಡುತ್ತದೆಂದು ಅವರು ತೋರಿಸಿದರು. ಆದರೆ ಕೋಶ ಒಡೆದು ಕಣಗಳನ್ನು ಬೇರ್ಪಡಿಸುವುದು ಶ್ರಮದ ಕೆಲಸ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಅವರ ತಂಡ 2003ರಲ್ಲಿ ಫ್ಯುಸೇರಿಯಮ್ ಆಕ್ಸಿಸ್ಪೋರಮ್ ಶಿಲೀಂಧ್ರದಿಂದ ಕೋಶದ ಹೊರಗೇ ಬೆಳ್ಳಿಯ ಕಣ ಪಡೆದು ಈ ತೊಡಕನ್ನು ನಿವಾರಿಸಿತು.

ಗಿಡದೊಳಗಿನ ಜೀವಿಗಳತ್ತ: ಸಸ್ಯಾಂತರ್ವಾಸಿಗಳಿಗೆ ಜರ್ಮನಿಯ ಆಂಟನ್ ಡಿ ಬಾರಿ 1866ರಲ್ಲೇ ಎಂಡೊಫೈಟ್ ಎಂಬ ಹೆಸರು ಕೊಟ್ಟಿದ್ದ. ನ್ಯಾನೊಕಣ ಸಂಶೋಧಕರು ಇವುಗಳತ್ತ ತಿರುಗಿದ್ದು ಬಹಳ ತಡವಾಗಿ. ಪುನರ್ಪುಳಿಯ ಕುಲಕ್ಕೇ ಸೇರಿದ ಗಾರ್ಸೀನಿಯ ಕ್ಸಾಂತೊಕೈಮಸ್ ಮರದಿಂದ ಪಡೆದ ಬ್ಯಾಸಿಲಸ್ ಸೀರಿಯಸ್ ಬಳಸಿ ಬೆಳ್ಳಿಯ ಕಣ ತಯಾರಿಸಿದ ಭಾರತೀಯ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಸೂಕ್ಷ್ಮಜೀವಿವಿಜ್ಞಾನಿಗಳು ಕಾಫಿ ಗಿಡದ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್‌ನಿಂದ ಬೆಳ್ಳಿಯ ಕಣಗಳನ್ನೂ ಸೀತಾಫಲದ ಸ್ಯೂಡೊಮೊನಾಸ್ ವೆರೊನಿಯೈನಿಂದ ಚಿನ್ನದ ಕಣಗಳನ್ನೂ ಪಡೆದಿದ್ದಾರೆ.

ವಿಧಾನ: ಎಲೆ ಅಥವಾ ಕಾಂಡದ ಹೊರಮೈಯನ್ನು ಆಲ್ಕೊಹಾಲ್ ಮೊದಲಾದವುಗಳಿಂದ ನಿರ್ಜೀವೀಕರಿಸಿ, ಕತ್ತರಿಸಿದ ತುಣುಕನ್ನು ಅಗಾರ್ ಮೇಲಿಡುತ್ತಾರೆ, ಅಂಚಿನಿಂದ ಹೊರಬರುವ ಬ್ಯಾಕ್ಟೀರಿಯವನ್ನು ದ್ರವದಲ್ಲಿ ಬೆಳೆಸುತ್ತಾರೆ. ಕೋಶಗಳನ್ನು ತೆಗೆದ ತಿಳಿಗೆ ಬೆಳ್ಳಿ ನೈಟ್ರೇಟ್ ಬೆರೆಸಿದರೆ ಅದು ಕ್ರಮೇಣ ಕಂದುಬಣ್ಣಕ್ಕೆ ತಿರುಗುತ್ತದೆ. 400–450 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಅದು ಹೀರಿದರೆ ಬೆಳ್ಳಿಯ ಕಣಗಳಾಗಿವೆಯೆಂದು ತಿಳಿಯಬಹುದು. ನೈಟ್ರೇಟ್ ರಿಡಕ್ಟೇಸ್‌ನಂಥ ಕಿಣ್ವಗಳು ಅಯಾನುಗಳಿಗೆ ಎಲೆಕ್ಟ್ರಾನ್ ಒದಗಿಸುತ್ತವೆಂದೂ ಪ್ರೋಟೀನುಗಳು ಕಣಗಳಿಗೆ ಕವಚವಾಗಿ ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತವೆಂದೂ ಭಾವಿಸಲಾಗಿದೆ.

ವೈದ್ಯಕೀಯ ಸಾಧ್ಯತೆ: ಕಣಗಳು, ಅವುಗಳಿಂದ ಬಿಡುಗಡೆಯಾಗುವ ಅಯಾನುಗಳು ರೋಗಾಣುವಿನ ಕೋಶಪೊರೆಯನ್ನು ಹಾಳುಮಾಡಿ, ಗಂಧಕಯುಕ್ತ ಪ್ರೋಟೀನುಗಳಿಗೆ ಅಂಟಿ, ಕೋಶದೊಳಗೆ ಹಾನಿಕರ ಆಮ್ಲಜನಕ ಸಂಯುಕ್ತಗಳನ್ನು ಹೆಚ್ಚಿಸುತ್ತವೆ. ಏಕಕಾಲಕ್ಕೆ ಹಲವು ಕಡೆ ಪೆಟ್ಟು ಬೀಳುವುದರಿಂದ ನಿರೋಧ ಬೆಳೆಯುವುದು ಕಷ್ಟವೆಂಬುದು ಇವುಗಳ ಪರವಾದ ವಾದ. ಗಾಯದ ಪಟ್ಟಿ, ಕ್ಯಾತಿಟರ್ ಲೇಪನ, ಆಂಟಿಬಯಾಟಿಕ್ ಜೊತೆಗಿನ ಜಂಟಿ ಚಿಕಿತ್ಸೆ ಮುಖ್ಯ ಗುರಿಗಳು. ಕ್ಯಾನ್ಸರ್ ಕೋಶಗಳ ಮೇಲೂ ಪ್ರಯೋಗಗಳಾಗಿವೆ.

ಮಿತಿಗಳು: ಫಲಿತಾಂಶಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ತಟ್ಟೆಗಳಿಗೆ ಸೀಮಿತ. ತಯಾರಿಯಿಂದ ತಯಾರಿಗೆ ಕಣಗಳ ಗಾತ್ರ, ಕವಚ ಬದಲಾಗುತ್ತವೆ. ಬೆಳ್ಳಿ ದೀರ್ಘಕಾಲ ದೇಹ ಸೇರಿದರೆ ಚರ್ಮವನ್ನು ನೀಲಿ-ಬೂದು ಬಣ್ಣಕ್ಕೆ ತಿರುಗಿಸುವ ಆರ್ಜೀರಿಯ ಉಂಟಾಗುತ್ತದೆ. ನಿರೋಧದ ಭಯವೂ ಕಲ್ಪಿತವಲ್ಲ: 1975ರಲ್ಲಿ ಅಮೆರಿಕದ ಆಸ್ಪತ್ರೆಯೊಂದರ ಸುಟ್ಟಗಾಯ ವಿಭಾಗದಲ್ಲಿ ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲ ಕಾಣಿಸಿತ್ತು, ಅದಕ್ಕೆ ಆ ಶಕ್ತಿ ಕೊಟ್ಟ ಜೀನ್‌ಗಳ ವಿವರ 1999ರಲ್ಲಿ ಪ್ರಕಟವಾಯಿತು. ಬೆಳ್ಳಿಯಿಂದ ತಮ್ಮನ್ನು ಕಾಪಾಡಿಕೊಳ್ಳುವ ಸಾಮರ್ಥ್ಯ ಬ್ಯಾಕ್ಟೀರಿಯಾಗಳಿಗೆ ಇದೆಯೆಂಬುದೇ ಈ ತಯಾರಿಕೆಯ ಮೂಲ. ಈ ಔಷಧಿಯ ಬಾಳಿಕೆಯನ್ನು ಅಳೆಯುವಾಗಲೂ ಅದನ್ನೇ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.