ಇಟಾಲಿಯನ್ ಭಾಷೆಯಲ್ಲಿ ಜನರನ್ನೂ ಸ್ಥಳಗಳನ್ನೂ ಬಣ್ಣಿಸುವ ಬಗೆ

ಉನ್ನತ ವಿದ್ಯಾಭ್ಯಾಸಕ್ಕೆಂದು ರೋಮ್‌ಗೆ ತೆರಳುವ ನಮ್ಮ ಧರ್ಮಗುರುಗಳಿಗೂ ಇಟಲಿಯಲ್ಲಿ ವೃದ್ಧರ, ರೋಗಿಗಳ ಸೇವೆಗೆ ಹೋಗುವ ಧರ್ಮಭಗಿನಿಯರಿಗೂ ಆರಂಭದಲ್ಲಿ ತೊಡಕಾಗುವುದು ಅಲ್ಲಿನ ಗುಣವಾಚಕಗಳು. ಅಂಥವರ ಉಪಯೋಗಕ್ಕಾಗಿ ಕೆಲವು ವಿಷಯಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಕನ್ನಡದಲ್ಲಿ ದೊಡ್ಡ ಅಣ್ಣ, ದೊಡ್ಡ ಅಕ್ಕ, ದೊಡ್ಡ ಮನೆಗಳು ಎನ್ನುತ್ತೇವೆ, 'ದೊಡ್ಡ' ಬದಲಾಗುವುದಿಲ್ಲ. ಇಟಾಲಿಯನ್ ಹಾಗಲ್ಲ. ವಯಸ್ಸಾದ ಧರ್ಮಗುರು 'ಪ್ರೇತೆ ಆಂತ್ಸಿಯಾನೊ' (ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೂ ಅಲ್ಲಿ ಗುರುಗಳಿಗೆ ಅದೇ ಹೆಸರು!), ವಯಸ್ಸಾದ ಭಗಿನಿ 'ಸುವೋರಾ ಆಂತ್ಸಿಯಾನಾ'. ಹಲವರಾದರೆ 'ಪ್ರೇತಿ ಆಂತ್ಸಿಯಾನಿ', 'ಸುವೋರೆ ಆಂತ್ಸಿಯಾನೆ'. ಕೊಂಕಣಿ ಬಲ್ಲವರು ಹೆದರಬೇಕಾಗಿಲ್ಲ. ವ್ಹಡ್ಲೊ ಭಾವ್, ವ್ಹಡ್ಲಿ ಭಯ್ಣ್, ವ್ಹಡ್ಲೆಂ ಘರ್ ಎಂದು ಅವರು ಮನೆಯಲ್ಲಿ ದಿನವೂ ಮಾಡುವುದು ಇದನ್ನೇ. 'ಜೆಂತೀಲೆ' (ಸೌಮ್ಯ ಸ್ವಭಾವದ) ಮುಂತಾದ ಪದಗಳಲ್ಲಿ ಮಾತ್ರ ಗಂಡು ಹೆಣ್ಣಿನ ಭೇದವಿಲ್ಲ. ಬಹುವಚನದಲ್ಲಿ 'ಜೆಂತೀಲಿ' ಎಂದಾಗುತ್ತದೆ.

ಹೆಚ್ಚು ಎಚ್ಚರ ಬೇಕಾದುದು ಪದದ ಸ್ಥಾನದಲ್ಲಿ. 'ದೊನ್ನಾ ಪೋವೆರಾ' ಎಂದರೆ ಹಣವಿಲ್ಲದ ಬಡ ಹೆಂಗಸು. 'ಪೋವೆರಾ ದೊನ್ನಾ' ಎಂದರೆ ಪಾಪ, ಕನಿಕರಪಡಬೇಕಾದವಳು. ಯಾರಾದರೂ 'ಲಾ ಮಿಯಾ ಪೋವೆರಾ ಮಾಮ್ಮಾ' ಎಂದು ನೆನೆದರೆ ಬಹಳ ಸಲ ಅದು ತೀರಿಹೋದ ತಾಯಿಯ ಮಾತು. ಬಡತನದ ಮಾತೆಂದು ತಿಳಿದು, ಅಮ್ಮ ಈಗ ಹೇಗಿದ್ದಾರೆ ಎಂದು ಕೇಳಿದರೆ ಅವರ ಮನಸ್ಸಿಗೆ ನೋವಾಗುತ್ತದೆ. ಹಾಗೆಯೇ ಅಜ್ಜಿಗೆ ಹುಷಾರಿಲ್ಲ ಎನ್ನಲು 'ಸ್ತಾ ಮಾಲೆ' ಎನ್ನಬೇಕು. 'ಎ ಕತ್ತೀವಾ' ಎಂದರೆ ಅಜ್ಜಿ ಕೆಟ್ಟವಳು ಎಂದಾಗುತ್ತದೆ! ಮನೆಯವರಿಗೆ ಫೋನ್ ಮಾಡುವಾಗ ಇದು ನೆನಪಿರಲಿ.

ಸ್ಥಳಗಳ ವಿಷಯ ಸುಲಭ. ಪುರಾತನ ದೇವಾಲಯ 'ಕಿಯೇಸಾ ಆಂತೀಕಾ', ಹಲವಿದ್ದರೆ 'ಕಿಯೇಸೆ ಆಂತೀಕೆ'. ರೋಮ್‌ನ ದೇವಾಲಯಗಳ ಹೆಸರುಗಳೇ ಒಳ್ಳೆಯ ಪಾಠ. ಸಂತ ಎಂಬ ಒಂದೇ ಪದ ಸಾನ್ ಪಿಯೆತ್ರೊ, ಸಾಂತಾ ಮರಿಯಾ, ಸಾಂತ್ ಆಂದ್ರೆಯಾ, ಸಾಂತೊ ಸ್ತೇಫನೊ ಎಂದು ಮುಂದಿನ ಹೆಸರಿಗೆ ತಕ್ಕಂತೆ ರೂಪ ಬದಲಿಸುತ್ತದೆ. ಐದನೆಯ ಶತಮಾನದ ಸಾಂತೊ ಸ್ತೇಫನೊ ರೊತೊಂದೊ ದೇವಾಲಯದ 'ರೊತೊಂದೊ' ಎಂದರೆ ದುಂಡಗಿನ. ಕಟ್ಟಡವೂ ದುಂಡಗೇ ಇದೆ. ಪೋಪ್ ಫ್ರಾನ್ಸಿಸ್ ಅವರನ್ನು 2025ರ ಏಪ್ರಿಲ್ 26ರಂದು ಸಮಾಧಿ ಮಾಡಿದ ಸಾಂತಾ ಮರಿಯಾ ಮಜ್ಜೋರೆ ಬೆಸಿಲಿಕಾದ 'ಮಜ್ಜೋರೆ' ಎಂದರೆ ಹೆಚ್ಚು ದೊಡ್ಡದು. ರೋಮ್‌ನಲ್ಲಿ ಮರಿಯಮ್ಮನವರ ಹೆಸರಿನ ದೇವಾಲಯಗಳಲ್ಲಿ ಅದೇ ಹಿರಿದು.