ಮೀಸೆ ಮೂಡದ ಯೋಧರು

1914ರ ಆಗಸ್ಟ್ ತಿಂಗಳಲ್ಲಿ ಮಹಾಯುದ್ಧಕ್ಕಿಳಿದ ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆ ಇರಲಿಲ್ಲ. ತಾವಾಗಿ ಮುಂದೆ ಬರುವವರನ್ನೇ ಸೇನೆ ನೆಚ್ಚಿಕೊಂಡಿತ್ತು. ಸೇನೆ ಸೇರಲು 18, ಹೊರನಾಡಿನ ರಣರಂಗಕ್ಕೆ ತೆರಳಲು 19 ವರ್ಷ ತುಂಬಿರಬೇಕೆಂಬುದು ನಿಯಮ. ಆದರೆ ಜನನಪತ್ರವನ್ನು ತೋರಿಸಬೇಕೆಂಬ ಕಟ್ಟಳೆ ಇರಲಿಲ್ಲ. ಎತ್ತರವನ್ನೂ ಎದೆಯ ಸುತ್ತಳತೆಯನ್ನೂ ಅಳೆದು ನೋಡಿದ ಅಧಿಕಾರಿಗಳು, ವಯಸ್ಸನ್ನು ಮಾತ್ರ ಹುಡುಗನ ಬಾಯಿಮಾತಿನಂತೆ ಬರೆದುಕೊಂಡರು. ಹೀಗೆ ಸೇರಿದ ಬಾಲಕರು ಸುಮಾರು 2,50,000 ಎಂದು ಅಂದಾಜು. ಬಡತನ, ಬೇಸರದ ದುಡಿಮೆ, ಸಮವಸ್ತ್ರದ ಮೋಹ, ಗೆಳೆಯರ ಒತ್ತಾಸೆ ಇವೆಲ್ಲ ಅವರನ್ನು ಸೆಳೆದವು.

1915ರಲ್ಲಿ ಮನೆಯವರಿಗೆ ತಿಳಿಸದೆ ಸೇನೆ ಸೇರಿದ ಸಿಡ್ನಿ ಲೂಯಿಸನಿಗೆ ಕೇವಲ 12 ವರ್ಷ. ಮರುವರ್ಷ ಫ್ರಾನ್ಸಿನ ಸೋಮ್ ಕದನದಲ್ಲಿ ಅವನು ಮೆಷಿನ್‌ಗನ್ ದಳದಲ್ಲಿದ್ದ. ಸುದ್ದಿ ತಿಳಿದ ತಾಯಿ ಮಗನ ಜನನಪತ್ರವನ್ನು ಯುದ್ಧ ಇಲಾಖೆಗೆ ಕಳುಹಿಸಿದಳು. ಹುಡುಗ ಮನೆಗೆ ಮರಳಿದ. ಡಾರ್ಕಿಂಗ್ ಪಟ್ಟಣದ ವ್ಯಾಲೆಂಟೈನ್ ಜೋ ಸ್ಟ್ರಡ್ವಿಕ್‌ನಿಗೆ ಆ ಭಾಗ್ಯವಿರಲಿಲ್ಲ. 14ನೆಯ ವಯಸ್ಸಿನಲ್ಲಿ ಸೇನೆ ಸೇರಿದ ಅವನು 1916ರ ಜನವರಿ 14ರಂದು ಬೆಲ್ಜಿಯಂ ನೆಲದಲ್ಲಿ ಮಡಿದ. ಎಸೆಕ್ಸ್ ಫಾರ್ಮ್ ರುದ್ರಭೂಮಿಯಲ್ಲಿ ಅವನ ಸಮಾಧಿಯ ಕಲ್ಲು ನಿಜವಾದ ವಯಸ್ಸನ್ನೇ ಹೇಳುತ್ತದೆ: 15.

ಹುಡುಗರು ನುಡಿದುದು ಸುಳ್ಳೇ ಸರಿ. ಆದರೆ ಕೇಳಿದ ಹಿರಿಯರಿಗೂ ಆ ಸುಳ್ಳು ಬೇಕಾಗಿತ್ತು. ತಾಯಿಯೊಬ್ಬಳು ಕಳುಹಿಸಿದ ಹಾಳೆಯನ್ನು ಕಚೇರಿಯೇ ಮೊದಲು ಕೇಳಿದ್ದರೆ ಎಷ್ಟೋ ಮಕ್ಕಳು ಉಳಿಯುತ್ತಿದ್ದರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಾವು ಬರೆಯುವ ಜನ್ಮದಿನಾಂಕವೂ ಬರಿಯ ಅಂಕಿಯಲ್ಲ, ಮಗುವಿಗೆ ಕಟ್ಟುವ ರಕ್ಷೆ.