ಕೈಗೆ ಹಗುರಾದ ಚಕ್ರ

ಕೃಷ್ಣೆಯ ದಂಡೆಯ ತಂಗಡಗಿ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ನೀಲಮ್ಮನ ಐಕ್ಯಸ್ಥಳ. ಕಲ್ಯಾಣದ ಕ್ರಾಂತಿಯ ನಂತರ ಕೂಡಲಸಂಗಮದಲ್ಲಿದ್ದ ಬಸವಣ್ಣನವರನ್ನು ಕಾಣಲು ಹೊರಟ ನೀಲಮ್ಮ ಈ ಊರು ತಲುಪುವಷ್ಟರಲ್ಲಿ ಅವರು ಲಿಂಗೈಕ್ಯರಾದ ಸುದ್ದಿ ಬಂತು, ಆಕೆ ಇಲ್ಲಿಯೇ ಐಕ್ಯಳಾದಳು ಎಂಬುದು ಪರಂಪರೆಯ ಮಾತು. ಆಕೆಯನ್ನು ಕರೆತರಲು ಹೋಗಿದ್ದ ಹಡಪದ ಅಪ್ಪಣ್ಣನವರ ಹೆಸರೂ ಈ ಊರಿನೊಂದಿಗೆ ಬೆಸೆದುಕೊಂಡಿದೆ. ಹನ್ನೆರಡನೆಯ ಶತಮಾನದ ಆ ಪಯಣಕ್ಕೆ ಇದ್ದ ಸಾಧನಗಳೆಂದರೆ ಮನುಷ್ಯನ ಕಾಲು, ಎತ್ತಿನ ಹೆಗಲು, ನದಿ ದಾಟಲು ಹರಿಗೋಲು.

ಇಂದು ಅದೇ ಮುದ್ದೇಬಿಹಾಳ ಸೀಮೆಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಗುತ್ತವೆ. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು ಪೂರ್ಣಗೊಂಡ ಮೇಲೆ ಜೋಳದ ಎರೆ ಹೊಲಗಳ ನಡುವೆ ಕಬ್ಬಿನ ಹಸಿರು ಹರಡಿತು. ಅದರ ಹಿಂದೆಯೇ ಟ್ರ್ಯಾಕ್ಟರು, ಲಾರಿ, ಟಿಪ್ಪರುಗಳು ಬಂದವು. ಅವುಗಳ ಹಿಂದೆ ರಸ್ತೆ ಬದಿಯ ಗ್ಯಾರೇಜುಗಳೂ ಬಂದವು.

ಇಂತಹ ಗ್ಯಾರೇಜುಗಳಿಗೆ ಬರುವ ದೂರುಗಳಲ್ಲಿ ಒಂದು, ‘ಸ್ಟೇರಿಂಗ್ ಬಿಗಿಯಾಗಿದೆ’ ಎಂಬುದು. ಪವರ್ ಸ್ಟೇರಿಂಗಿನ ಪಂಪು ಸವೆದಿರುತ್ತದೆ. ಹೊಸ ಪಂಪಿನ ಬೆಲೆ ಹೆಚ್ಚು. ಗುಜರಿಯಲ್ಲಿ ಬೇರೊಂದು ವಾಹನದ, ನೋಡಲು ಅಂಥದ್ದೇ ಆದ ಪಂಪು ಸಿಗುತ್ತದೆ. ಅದರ ಒಳಗಿನ ಭಾಗ ತೆಗೆದು ಇದಕ್ಕೆ ಹಾಕಿದರೆ ಹೇಗೆ? ಹಳೆಯ ಪಂಪು ಸರಿಹೋಗುವುದಷ್ಟೇ ಅಲ್ಲ, ಮೊದಲಿಗಿಂತ ಬಲವಾಗಿಯೂ ಕೆಲಸ ಮಾಡಬಹುದಲ್ಲವೇ?

ಪ್ರಶ್ನೆ ಚಿಕ್ಕದು. ಆದರೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಎತ್ತಿನಿಂದ ಎಣ್ಣೆಗೆ

ಚಕ್ಕಡಿಯಲ್ಲಿ ತಿರುಗಿಸುವ ಕೆಲಸ ಎತ್ತಿನದು. ಎಡಕ್ಕೆ ಹೊರಳಬೇಕಾದರೆ ಬಲದೆತ್ತು ಮುಂದೆ ಹೆಜ್ಜೆ ಹಾಕುತ್ತದೆ, ಎಡದೆತ್ತು ತಡೆಯುತ್ತದೆ. ಎರಡೇ ಗಾಲಿಯಾದ್ದರಿಂದ ಇಡೀ ಬಂಡಿ ಅಚ್ಚಿನ ಸಮೇತ ಹೊರಳುತ್ತದೆ. ಗಾಲಿ ನಾಲ್ಕಾದರೆ ಕಷ್ಟ ಬೇರೆಯೇ. ಜಾತ್ರೆಯ ತೇರನ್ನು ನೋಡಿದವರಿಗೆ ಇದು ಗೊತ್ತು: ಅದು ದಾರಿ ಬಿಟ್ಟು ವಾಲಿದಾಗ ಗಾಲಿಯ ಅಡಿಗೆ ಮರದ ಸನ್ನೆ ಕೊಟ್ಟು, ಜೀವ ಕೈಯಲ್ಲಿ ಹಿಡಿದು ಅದನ್ನು ಹಾದಿಗೆ ತರಬೇಕು.

ಯುರೋಪಿನ ನಾಲ್ಕು ಗಾಲಿಯ ಸಾರೋಟುಗಳಿಗೂ ಇದೇ ತೊಡಕಿತ್ತು. ಮ್ಯೂನಿಕ್ ನಗರದ ಸಾರೋಟು ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ ಇದಕ್ಕೊಂದು ಉಪಾಯ ಹುಡುಕಿದ. ಅಚ್ಚು ತಿರುಗುವುದು ಬೇಡ, ಅದರ ಎರಡು ತುದಿಯ ಗಾಲಿಗಳು ಮಾತ್ರ ತಿರುಗಲಿ. ತಿರುವಿನ ಒಳಬದಿಯ ಗಾಲಿ ಹೊರಬದಿಯದಕ್ಕಿಂತ ತುಸು ಹೆಚ್ಚು ಹೊರಳಲಿ ಎಂಬುದು ಆ ಉಪಾಯ. 1818ರಲ್ಲಿ ಲಂಡನ್ನಿನಲ್ಲಿ ಅದರ ಪೇಟೆಂಟ್ ಪಡೆದವನು ಅವನ ಪ್ರತಿನಿಧಿ ರುಡಾಲ್ಫ್ ಆಕರ್‌ಮನ್. ಹೆಸರು ಉಳಿದದ್ದೂ ಪ್ರತಿನಿಧಿಯದೇ. ಇಂದಿನ ಕಾರು, ಲಾರಿಗಳೆಲ್ಲದರ ಮುಂಗಾಲಿಗಳು ಇದೇ ತತ್ವದ ಆಧಾರದ ಮೇಲೆ ಹೊರಳುತ್ತವೆ.

ಮೋಟಾರು ಬಂದ ಮೇಲೆ ಮುಂಗಾಲಿಗಳ ಮೇಲಿನ ಭಾರ ಏರುತ್ತ ಹೋಯಿತು. ಚಾಲಕನ ಎದುರಿನ ಚಕ್ರವನ್ನು ದೊಡ್ಡದು ಮಾಡಿದರು. ಹಲ್ಲುಗಳ ಲೆಕ್ಕ ಬದಲಿಸಿ, ನಾಲ್ಕಾರು ಸುತ್ತು ತಿರುಗಿಸಿದರೆ ಗಾಲಿ ಸ್ವಲ್ಪ ಹೊರಳುವಂತೆ ಮಾಡಿದರು. ಆದರೂ ನಿಂತ ಲಾರಿಯ ಗಾಲಿಯನ್ನು ಹೊರಳಿಸುವುದು ಎರಡು ತೋಳಿನ ಪೂರ್ತಿ ಕಸುವು ಬೇಡುವ ಕೆಲಸವೇ ಆಗಿತ್ತು.

ಈ ಭಾರವನ್ನು ಎಣ್ಣೆಯ ಮೇಲೆ ಹೊರಿಸಿದ ಕೀರ್ತಿ ಅಮೆರಿಕದ ಫ್ರಾನ್ಸಿಸ್ ಡೇವಿಸ್‌ಗೆ ಸಲ್ಲುತ್ತದೆ. ಪಿಯರ್ಸ್-ಆ್ಯರೋ ಕಂಪನಿಯ ಲಾರಿ ವಿಭಾಗದಲ್ಲಿ ಎಂಜಿನಿಯರಾಗಿದ್ದ ಈತನಿಗೆ ಲಾರಿ ಚಾಲಕರ ಪಾಡು ಕಣ್ಣೆದುರಿಗೇ ಇತ್ತು. ಕೆಲಸ ಬಿಟ್ಟು ಸ್ವಂತ ಪ್ರಯೋಗಕ್ಕೆ ಇಳಿದು, 1926ರಲ್ಲಿ ತನ್ನ ಕಾರಿಗೆ ಎಣ್ಣೆಯೊತ್ತಡದ ಸ್ಟೇರಿಂಗ್ ಜೋಡಿಸಿ ಓಡಿಸಿ ತೋರಿಸಿದ. ಜನರಲ್ ಮೋಟಾರ್ಸ್ ಕಂಪನಿ ಮೊದಲು ಕೈಹಿಡಿಯಿತು; ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 1934ರಲ್ಲಿ, ಖರ್ಚು ಹೆಚ್ಚೆಂದು ಕೈಬಿಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಭಾರದ ಕವಚ ವಾಹನಗಳಿಗೆ ಈ ಸಾಧನ ಅನಿವಾರ್ಯವಾಯಿತು. ಕೊನೆಗೆ 1951ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಇಂಪೀರಿಯಲ್ ಕಾರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅಷ್ಟರಲ್ಲಿ ಡೇವಿಸ್‌ನ ಹಳೆಯ ಪೇಟೆಂಟುಗಳ ಅವಧಿ ಮುಗಿದುಹೋಗಿತ್ತು.

ನಮ್ಮಲ್ಲಿ 1954ರಿಂದ ಟೆಲ್ಕೊ ಕಂಪನಿ ಮರ್ಸಿಡಿಸ್ ಬೆಂಜ್ ಸಹಯೋಗದಲ್ಲಿ ಲಾರಿ ತಯಾರಿಸತೊಡಗಿತು. ಆದರೂ ದಶಕಗಳ ಕಾಲ ಭಾರತದ ಲಾರಿ ಚಾಲಕ ತೋಳ್ಬಲವನ್ನೇ ನಂಬಿದ್ದ. ಪುಣೆಯಲ್ಲಿ ಜರ್ಮನಿಯ ಝಡ್‌ಎಫ್ ಕಂಪನಿಯ ಸಹಕಾರದಿಂದ ಸ್ಟೇರಿಂಗ್ ಗೇರ್ ಕಾರ್ಖಾನೆ, ಮದ್ರಾಸಿನಲ್ಲಿ ರಾಣೆ ಸಮೂಹದ ಪವರ್ ಸ್ಟೇರಿಂಗ್ ಕಂಪನಿ ಹುಟ್ಟಿಕೊಂಡದ್ದು 1980ರ ದಶಕದಲ್ಲಿ. ಎಣ್ಣೆಯೊತ್ತಡದ ಪಂಪುಗಳ ತಯಾರಿಕೆಯಲ್ಲಿ ಕರ್ನಾಟಕದ ಪಾಲೂ ಇದೆ. ಜಪಾನಿನ ಸಹಯೋಗದಿಂದ 1976ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಯೂಕೆನ್ ಇಂಡಿಯಾ ಕಾರ್ಖಾನೆಗಳ ಯಂತ್ರಗಳಿಗೆ ಬೇಕಾದ ವೇನ್ ಪಂಪುಗಳನ್ನು ತಯಾರಿಸಿತು. ಪೀಣ್ಯದ ಡೈನಾಮ್ಯಾಟಿಕ್ ಸಂಸ್ಥೆ ಟ್ರ್ಯಾಕ್ಟರಿನ ಗೇರ್ ಪಂಪುಗಳಿಗೆ ಹೆಸರಾಯಿತು.

ಎರಡು ಬಗೆಯ ಪಂಪು

ತಂಗಡಗಿಯಂತಹ ಹೊಳೆದಂಡೆಯ ಊರುಗಳಲ್ಲಿ ಪಂಪು ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ನೀರೆತ್ತುವ ಪಂಪು. ಈ ಪಂಪಿಗೂ ಕನ್ನಡ ನೆಲಕ್ಕೂ ಹಳೆಯ ನಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಮುಂದೆ ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅಲ್ಲಿ ತಯಾರಾದ ಪಂಪುಗಳು ಕೃಷ್ಣೆಯ ಎರಡೂ ದಂಡೆಯ ರೈತರ ಮನೆಮಾತಾದವು.

ಈ ನೀರಿನ ಪಂಪು ನಮ್ಮ ಮಿಸ್ತ್ರಿಗಳಿಗೆ ಪಾಠಶಾಲೆಯೂ ಆಯಿತು. ಒಳಗಿನ ರೆಕ್ಕೆಚಕ್ರ ಸವೆದರೆ ಇನ್ನೊಂದರದ್ದು ಕೂಡಿಸುವುದು, ಸೀಲ್ ಸಿಗದಿದ್ದರೆ ಬೇರೆಯದನ್ನು ಹೊಂದಿಸುವುದು, ಒಂದು ಪಂಪಿನ ಗುಂಡಿಗೆಯನ್ನು ಮತ್ತೊಂದರ ಮೈಯಲ್ಲಿ ಇಡುವುದು, ಇದೆಲ್ಲ ಅನುಭವದಿಂದ ಬಂದ ವಿದ್ಯೆ. ಹೊಂದಾಣಿಕೆ ತಪ್ಪಿದರೆ ನೀರು ಕಡಿಮೆ ಬರಬಹುದು, ಮೋಟಾರು ಸುಡಬಹುದು. ರೈತನಿಗೆ ಅದು ಸಣ್ಣ ನಷ್ಟವೇನಲ್ಲ. ಆದರೆ ರಸ್ತೆಯ ಮೇಲೆ ಜೀವ ಹೋಗುವ ಮಾತು ಅಲ್ಲಿರಲಿಲ್ಲ.

ಸ್ಟೇರಿಂಗಿನ ಪಂಪು ಇದೇ ಹೆಸರಿನ ಬೇರೆ ಜಾತಿ. ನೀರಿನ ಪಂಪು ನೀರನ್ನು ಗಿರ್ರನೆ ತಿರುಗಿಸಿ ಹೊರಕ್ಕೆ ಎಸೆಯುತ್ತದೆ. ಪೈಪಿನ ಬಾಯಿ ಮುಚ್ಚಿದರೆ ಒಳಗೇ ನೀರು ಸುತ್ತುತ್ತದೆ, ಒತ್ತಡ ಒಂದು ಮಿತಿ ದಾಟುವುದಿಲ್ಲ. ಸ್ಟೇರಿಂಗಿನ ವೇನ್ ಪಂಪು ಹಾಗಲ್ಲ. ಅದು ಎಣ್ಣೆಯನ್ನು ಅಳೆದು, ಗುಟುಕು ಗುಟುಕಾಗಿ ನೂಕುತ್ತದೆ. ದಾರಿ ಮುಚ್ಚಿದರೂ ನೂಕುವುದನ್ನು ಬಿಡುವುದಿಲ್ಲ. ಒತ್ತಡ ಏರುತ್ತಲೇ ಹೋಗಿ, ಎಲ್ಲಿ ದುರ್ಬಲವೋ ಅಲ್ಲಿ ಒಡೆಯುತ್ತದೆ.

ಇದರ ಮೂಲ ಕಲ್ಪನೆ ಹಳೆಯದು. ಇಟಲಿಯ ಅಗೊಸ್ಟಿನೊ ರಾಮೆಲ್ಲಿ 1588ರಲ್ಲಿ ಪ್ರಕಟಿಸಿದ ಯಂತ್ರಗಳ ಪುಸ್ತಕದಲ್ಲಿಯೇ ತಿರುಗುವ ಅಲಗುಗಳ ಪಂಪಿನ ಚಿತ್ರವಿದೆ. 1920ರ ದಶಕದಲ್ಲಿ ಅಮೆರಿಕದ ಹ್ಯಾರಿ ವಿಕರ್ಸ್ ಅದಕ್ಕೆ ಸಮತೋಲನದ ರೂಪ ಕೊಟ್ಟ. ಸೀಳುಗಳಿರುವ ಒಂದು ಉಕ್ಕಿನ ಗುಂಡು ಒಳಗೆ ತಿರುಗುತ್ತದೆ. ಪ್ರತಿ ಸೀಳಿನಲ್ಲೂ ಜಾರಾಡುವ ಒಂದು ಅಲಗು. ಸುತ್ತಲೂ ಮೊಟ್ಟೆಯಾಕಾರದ ಒಳಮೈಯುಳ್ಳ ಉಂಗುರ. ಗುಂಡು ತಿರುಗಿದಂತೆ ಅಲಗುಗಳು ಉಂಗುರಕ್ಕೆ ಅಂಟಿಕೊಂಡು ಸಾಗುತ್ತವೆ. ಅಗಲ ಜಾಗದಲ್ಲಿ ಎಣ್ಣೆ ಹೀರಿ, ಇಕ್ಕಟ್ಟಾದಲ್ಲಿ ಹೊರದೂಡುತ್ತವೆ. ಹೀರುವ ಬಾಯಿ ಎರಡು, ದೂಡುವ ಬಾಯಿ ಎರಡು, ಎದುರು ಬದುರು. ಹಾಗಾಗಿ ನಡುಗಂಬದ ಮೇಲೆ ಒಂದೇ ಕಡೆಯ ಒತ್ತಡ ಬೀಳುವುದಿಲ್ಲ.

ಹರಿವು ಬೇರೆ, ಒತ್ತಡ ಬೇರೆ

ಭಾಗ ಬದಲಿಸುವ ಮುನ್ನ ಒಂದು ಲೆಕ್ಕ ತಿಳಿದಿರಬೇಕು. ಸ್ಟೇರಿಂಗ್ ಪೆಟ್ಟಿಗೆಯೊಳಗಿನ ಪಿಸ್ಟನ್ನಿನ ಮೈ 40 ಚದರ ಸೆಂ.ಮೀ. ಎಂದುಕೊಳ್ಳೋಣ. ಪ್ರತಿ ಚದರ ಸೆಂಟಿಮೀಟರಿಗೆ 70 ಕಿಲೊ ಒತ್ತಡದ ಎಣ್ಣೆ ಅದನ್ನು ನೂಕಿದರೆ ಸಿಗುವ ಬಲ 2,800 ಕಿಲೊ. ಚಾಲಕನ ತೋಳಿಗೆ ಬದಲಾಗಿ ದುಡಿಯುವುದು ಈ ಬಲ. ಇದು ಒತ್ತಡದ ಕೆಲಸ.

ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ 15 ಸೆಂ.ಮೀ. ಸರಿಯಬೇಕಾದರೆ 600 ಮಿಲಿಲೀಟರ್ ಎಣ್ಣೆ ಬೇಕು. ಮೂರು ಸೆಕೆಂಡಿನಲ್ಲಿ ಸರಿಯಬೇಕಾದರೆ ಪಂಪು ನಿಮಿಷಕ್ಕೆ 12 ಲೀಟರ್ ಕೊಡಬೇಕು. ಆರೇ ಲೀಟರ್ ಕೊಟ್ಟರೆ ಆರು ಸೆಕೆಂಡು ಹಿಡಿಯುತ್ತದೆ. ಚಾಲಕನ ಕೈ ಮುಂದೆ ಓಡುತ್ತದೆ, ಎಣ್ಣೆ ಹಿಂದೆ ಬೀಳುತ್ತದೆ, ಚಕ್ರ ಒಮ್ಮೆಲೇ ಬಿಗಿಯುತ್ತದೆ. ಇದು ಹರಿವಿನ ಕೆಲಸ.

ನಿಧಾನಕ್ಕೆ ತಿರುಗಿಸಿದಾಗಲೂ ಬಿಗಿ ಎನಿಸಿದರೆ ಒತ್ತಡ ಸಾಲದು. ಬೇಗ ತಿರುಗಿಸಿದಾಗ ಮಾತ್ರ ಬಿಗಿ ಎನಿಸಿದರೆ ಹರಿವು ಸಾಲದು. ಈ ಎರಡನ್ನೂ ಒಂದೇ ಎಂದು ತಿಳಿದು ಪಾನಾ ಕೈಗೆತ್ತಿಕೊಳ್ಳುವುದೇ ಮೊದಲ ತಪ್ಪು.

ಇಂಜಿನ್ ವೇಗವಾಗಿ ತಿರುಗಿದಾಗ ಪಂಪು ಬೇಕಿದ್ದಕ್ಕಿಂತ ಹೆಚ್ಚು ಎಣ್ಣೆ ಕೊಡುತ್ತದೆ. ಹೆಚ್ಚಾದದ್ದನ್ನು ಹಿಂದಕ್ಕೆ ಕಳಿಸಲು ಒಂದು ಕವಾಟ, ಅದರ ಎದುರು ಅಳತೆಯ ಒಂದು ಸಣ್ಣ ರಂಧ್ರ. ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳಲು ಸ್ಪ್ರಿಂಗಿನ ಇನ್ನೊಂದು ಕವಾಟ. ಅದರ ಬಿಗಿತವನ್ನು ತೆಳ್ಳನೆಯ ಶಿಮ್‌ಗಳು ನಿರ್ಧರಿಸುತ್ತವೆ.

ಒಂದರ ಭಾಗ ಇನ್ನೊಂದಕ್ಕೆ ಹೋಗುವ ವಿದ್ಯೆ ಬೆಳೆದದ್ದು ಇಲ್ಲಿಯೇ. ಅಮೆರಿಕದ ಮಿಶಿಗನ್ ರಾಜ್ಯದ ಸ್ಯಾಗಿನಾ ಊರಿನಲ್ಲಿ ಜನರಲ್ ಮೋಟಾರ್ಸ್‌ನ ಸ್ಟೇರಿಂಗ್ ವಿಭಾಗವಿತ್ತು. ಅಲ್ಲಿಯ ಪಂಪುಗಳು ಕಾರು, ಲಾರಿ, ಜೀಪುಗಳಿಗೆಲ್ಲ ಹೋಗುತ್ತಿದ್ದವು. ಹೊರಮೈ ಒಂದೇ, ಭಾರದ ವಾಹನಕ್ಕೊಂದು ರಂಧ್ರ, ಹಗುರದ್ದಕ್ಕೊಂದು ರಂಧ್ರ, ಕವಾಟದ ಬಿಗಿತವೂ ಬೇರೆ ಬೇರೆ. ಹೀಗಾಗಿ ದೊಡ್ಡ ಟೈರು ಹಾಕಿಸಿದವರು ಭಾರದ ವಾಹನದ ಪಂಪಿನ ಕವಾಟವನ್ನು ತಮ್ಮದಕ್ಕೆ ಕೂಡಿಸಿಕೊಂಡರು. ಹಳೆಯ ಕಾರಿಗೆ ಫೋರ್ಡ್ ಕಂಪನಿಯ ಸ್ಟೇರಿಂಗ್ ಜೋಡಿಸಿ ಸ್ಯಾಗಿನಾ ಪಂಪು ಇಟ್ಟವರಿಗೆ ಉಲ್ಟಾ ಅನುಭವವಾಯಿತು. ಬೆರಳು ತಾಗಿದರೆ ಸಾಕು, ಕಾರು ಅತ್ತಿಂದಿತ್ತ ಹೊಯ್ದಾಡತೊಡಗಿತು. ಅವರು ಶಿಮ್ ಸೇರಿಸಿ ಒತ್ತಡ ಇಳಿಸಬೇಕಾಯಿತು. ಹೆಚ್ಚು ಬಲ ಎಂದರೆ ಹೆಚ್ಚು ಒಳ್ಳೆಯದು ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಎಲ್ಲಿಯವರೆಗೆ ಸರಿ?

ಒಂದೇ ತಯಾರಕನ, ಒಂದೇ ಕುಟುಂಬದ ಪಂಪುಗಳ ನಡುವೆ ಕವಾಟ ಅಥವಾ ರಂಧ್ರದ ಬಿರಡೆ ಬದಲಿಸುವುದು ಅಸಾಧ್ಯವಲ್ಲ. ಗುಂಡು, ಅಲಗು, ಉಂಗುರಗಳ ಮಾತು ಬೇರೆ. ಅವು ಕೂಡಿಯೇ ಸವೆದಿರುತ್ತವೆ. ನಡುವಿನ ಸಂದು ಕೂದಲೆಳೆಗಿಂತ ಸಣ್ಣದು. ಹಳೆಯ ಗುಂಡಿಗೆ ಬೇರೆಯ ಉಂಗುರ ಕೂಡಿಸಿದರೆ ಎಣ್ಣೆ ಒಳಗೇ ಸೋರಿ ಬಿಸಿಯಾಗುತ್ತದೆ, ಇಲ್ಲವೇ ಅಲಗು ಸಿಕ್ಕಿಕೊಳ್ಳುತ್ತದೆ. ಬದಲಿಸುವುದಾದರೆ ಮೂರನ್ನೂ ಒಂದೇ ಜೋಡಿಯಾಗಿ ಬದಲಿಸಬೇಕು. ಗೇರ್ ಪಂಪಿನ ಭಾಗ ವೇನ್ ಪಂಪಿಗೆ ಹೊಂದುವ ಪ್ರಶ್ನೆಯೇ ಇಲ್ಲ.

ಒತ್ತಡ ಏರಿಸಿದಾಗ ಅದನ್ನು ತಡೆಯಬೇಕಾದದ್ದು ಪಂಪು ಒಂದೇ ಅಲ್ಲ. ಹೋಸ್ ಪೈಪು, ಪೆಟ್ಟಿಗೆಯ ಸೀಲುಗಳು, ಚಾಸಿಗೆ ಅದನ್ನು ಬಿಗಿದ ಬೋಲ್ಟು, ತಿರುಗಿಸುವ ಬೆಲ್ಟು ಎಲ್ಲವೂ ಮೂಲ ಲೆಕ್ಕಕ್ಕೆ ತಕ್ಕಂತೆ ಮಾಡಿದವು. ಹೋಸು ಒಡೆದರೆ ಎಣ್ಣೆ ಕಾದ ಇಂಜಿನ್ನಿನ ಮೇಲೆ ಚಿಮ್ಮಿ ಬೆಂಕಿ ಹೊತ್ತಬಹುದು. ಲಾರಿ, ಕಾರುಗಳಲ್ಲಿ ಪಂಪು ಕೈಕೊಟ್ಟರೂ ಚಕ್ರಕ್ಕೂ ಗಾಲಿಗೂ ಕಬ್ಬಿಣದ ಕೊಂಡಿ ಇದ್ದೇ ಇರುತ್ತದೆ. ಆದರೆ ತಿರುವಿನ ನಡುವೆ ಅದು ದಿಢೀರನೆ ಬಿಗಿದಾಗ ಹಗುರಕ್ಕೆ ಒಗ್ಗಿದ ಕೈ ತಬ್ಬಿಬ್ಬಾಗುತ್ತದೆ. ಹೈಡ್ರೊಸ್ಟ್ಯಾಟಿಕ್ ಸ್ಟೇರಿಂಗ್ ಇರುವ ಟ್ರ್ಯಾಕ್ಟರುಗಳಲ್ಲಿ ಆ ಕೊಂಡಿಯೂ ಇಲ್ಲ. ಅಲ್ಲಿ ಎಣ್ಣೆಯೇ ಕೊಂಡಿ. ಹಿಂದೆ ಎರಡು ಟ್ರೇಲರ್ ಕಬ್ಬು, ಎದುರಿಗೆ ಶಾಲೆ ಬಿಟ್ಟ ಮಕ್ಕಳು ಇರುವಾಗ ಈ ಮಾತಿನ ತೂಕ ಬೇರೆಯಾಗುತ್ತದೆ.

ಕಾನೂನೂ ಇದೆ. ವಾಹನದ ನೋಂದಣಿಯಲ್ಲಿ ನಮೂದಾದ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ.

ಇನ್ನೊಂದೆಡೆ ಈ ವಿದ್ಯೆಯ ಕ್ಷೇತ್ರವೇ ಕಿರಿದಾಗುತ್ತಿದೆ. 1988ರಲ್ಲಿ ಜಪಾನಿನ ಸುಜುಕಿ ಕಂಪನಿ ತನ್ನ ಸರ್ವೊ ಕಾರಿನಲ್ಲಿ ವಿದ್ಯುತ್ ಮೋಟಾರಿನ ಸ್ಟೇರಿಂಗ್ ತಂದಿತು. ಈಗ ನಮ್ಮ ಸಣ್ಣ ಕಾರುಗಳಲ್ಲಿ ಅದರದ್ದೇ ರಾಜ್ಯಭಾರ. ಅಲ್ಲಿ ಎಣ್ಣೆಯಿಲ್ಲ, ಪಂಪಿಲ್ಲ, ಕೂಡಿಸಲು ಭಾಗವೂ ಇಲ್ಲ. ಕೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡಬೇಕು. ಭಾರದ ಲಾರಿ, ಟ್ರ್ಯಾಕ್ಟರುಗಳಲ್ಲಿ ಮಾತ್ರ ಎಣ್ಣೆಯ ಪಂಪು ಇನ್ನೂ ದುಡಿಯುತ್ತಿದೆ.

ಆದ್ದರಿಂದ ಗ್ಯಾರೇಜಿನ ಮಿಸ್ತ್ರಿಯ ಅನುಭವಕ್ಕೆ ಇಂದಿಗೂ ಬೆಲೆಯಿದೆ. ಆ ಅನುಭವದ ಜೊತೆಗೆ ಒತ್ತಡ ಅಳೆಯುವ ಒಂದು ಗೇಜು ಇರಬೇಕು. ಎಷ್ಟೋ ಸಲ ಸಡಿಲಾದ ಬೆಲ್ಟು, ಕಡಿಮೆಯಾದ ಎಣ್ಣೆ, ಕಟ್ಟಿಕೊಂಡ ಜಾಳಿಗೆ, ಗಾಳಿ ಇಳಿದ ಮುಂಗಾಲಿಗಳೇ ಬಿಗಿತಕ್ಕೆ ಕಾರಣವಾಗಿದ್ದು, ಪಂಪು ನಿರ್ದೋಷಿಯಾಗಿರುತ್ತದೆ. ಇವನ್ನು ನೋಡಲು ಹತ್ತು ನಿಮಿಷ ಸಾಕು. ಗುಜರಿಯ ಪಂಪು ಬಿಚ್ಚುವ ಮಾತು ಅದರ ನಂತರದ್ದು.